ಕಟ್ಟುವವನು ಓದಬಾರದು

ಆಫೀಸಿನಲ್ಲಿ ಅವಳ ಅಪ್ಪನನ್ನು ಎಲ್ಲರೂ ಗಂಟಣ್ಣ ಎಂದೇ ಕರೆಯುತ್ತಿದ್ದರು. ಕೋರ್ಟು ಕಟ್ಟಡದ ಹಿಂಬದಿಯ ದಾಖಲೆ ಕೋಣೆಯಲ್ಲಿ, ಮುಗಿದುಹೋದ ಪ್ರಕರಣಗಳ ಕಡತಗಳನ್ನು ಬಟ್ಟೆಯಲ್ಲಿ ಸುತ್ತಿ ದಾರ ಬಿಗಿಯುವುದು ಅವನ ಕೆಲಸ. ಅವನು ಹಾಕಿದ ಗಂಟು ಎತ್ತರದ ಕಪಾಟಿನಿಂದ ಬಿದ್ದರೂ ಸಡಿಲವಾಗುತ್ತಿರಲಿಲ್ಲ. ಬಾಲ ಹಿಡಿದು ಒಂದು ಸಲ ಎಳೆದರೆ ಮಾತ್ರ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು. ಜೊತೆಯವರು ವರ್ಷಗಟ್ಟಲೆ ನೋಡಿದರೂ ಅದು ಯಾರ ಕೈಗೂ ಹತ್ತಲಿಲ್ಲ. ಮನೆಯಲ್ಲೂ ಅದೇ ಗಂಟು: ಹಾಸಿಗೆಯ ಸುರುಳಿಗೆ, ಹಳೇ ಪೇಪರಿನ ಕಟ್ಟಿಗೆ, ಮಗಳ ರಿಬ್ಬನ್ನಿಗೆ.

"ನನ್ನನ್ನೂ ಹೀಗೇ ಕಟ್ಟಿಹಾಕಿದ್ರು ನಿಮ್ಮಪ್ಪ. ಬಾಲ ಎಲ್ಲಿದೆ ಅಂತ ಮಾತ್ರ ಇನ್ನೂ ಸಿಕ್ಕಿಲ್ಲ" ಎನ್ನುತ್ತಿದ್ದಳು ಅಮ್ಮ, ತಲೆ ಎತ್ತದೆ. ಅಂಗಡಿಗಳಿಗೆ ಹೋಗುವ ಗುಂಡಿಗಳನ್ನು ಬಣ್ಣಬಣ್ಣಕ್ಕೆ ವಿಂಗಡಿಸಿ, ಡಜನ್ನಿನ ಲೆಕ್ಕದಲ್ಲಿ ರಟ್ಟಿನ ಕಾರ್ಡಿಗೆ ಹೊಲಿಯುವ ಕೆಲಸವನ್ನು ಅವಳು ಮನೆಗೆ ತಂದುಕೊಳ್ಳುತ್ತಿದ್ದಳು. ಹಾಗಾಗಿ ಆ ಮನೆಯಲ್ಲಿ ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಒಂದಾದರೂ ಗುಂಡಿ ಅಂಟಿಕೊಳ್ಳದೆ ಇರುತ್ತಿರಲಿಲ್ಲ.

ಗಂಟಣ್ಣನ ವೃತ್ತಿಗೆ ಎರಡೇ ನಿಯಮ. ಸೇರಿದ ಮೊದಲ ದಿನವೇ ಹಳೆಯ ಕಟ್ಟುಗಾರನೊಬ್ಬ ಅವನ್ನು ಕಿವಿಗೆ ಹಾಕಿದ್ದ. ಒಂದು, ಕಟ್ಟುವವನು ಓದಬಾರದು. ನಂಬರು ನೋಡು, ವರ್ಷ ನೋಡು, ಒಳಗೆ ಇಣುಕಬೇಡ. ಇಣುಕಿದವನಿಗೆ ಅನ್ನ ಸೇರಲ್ಲ, ನಿದ್ದೆ ಹತ್ತಲ್ಲ. ಎರಡು, ಜಾಗ ಖಾಲಿ ಬಿಡಬಾರದು. ಕಟ್ಟಿನಿಂದ ಒಂದು ಕಡತ ತೆಗೆದರೆ ಅದು ಇದ್ದ ಕಡೆ ಒಂದು ಚೀಟಿ ಇಡಬೇಕು, ಅದರ ಮೇಲೆ ತಾರೀಖು, ತೆಗೆದವನ ಸಹಿ. ಅದಕ್ಕೆ ಬದಲಿ ಚೀಟಿ ಎನ್ನುತ್ತಾರೆ. ಮೂವತ್ತೆರಡು ವರ್ಷದಲ್ಲಿ ಅವನು ಈ ಎರಡನ್ನೂ ಮೀರಿದ್ದಿಲ್ಲ. ಕೊಲೆ, ಆಸ್ತಿ ಜಗಳ, ಗಂಡ ಹೆಂಡಿರ ಬೇರ್ಪಡೆ ಎಲ್ಲವೂ ಅವನ ಬೆರಳಿನ ಕೆಳಗೇ ಹಾದುಹೋಗಿದ್ದವು. ಒಂದು ಸಾಲೂ ಕಣ್ಣಿಗೆ ಬಿದ್ದಿರಲಿಲ್ಲ. ಅದು ಅವನ ಹೆಮ್ಮೆ.

ಮಗಳಿಗೆ ಕಡ್ಡಿ ಎಂದು ಹೆಸರಿಟ್ಟವರು ಶಾಲೆಯ ಹುಡುಗಿಯರು. ಕಡ್ಡಿಯ ಹಾಗೆ ಸಣ್ಣಗಿದ್ದಳು, ಗೀರಿದರೆ ಹೊತ್ತಿಕೊಳ್ಳುತ್ತಿದ್ದಳು. ಓಡಲು ನಿಂತರೆ ಅವಳನ್ನು ಹಿಡಿಯುವವರಿರಲಿಲ್ಲ, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಅವಳ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿ. ಹದಿನಾರನೇ ವರ್ಷದಲ್ಲಿ, ರಿಲೇ ಓಟದ ಕೊನೆಯ ಸುತ್ತು ಯಾರಿಗೆ ಎಂಬ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಶಾಲೆಯ ಮಹಡಿ ಮೆಟ್ಟಿಲ ಮೇಲೆ ಗೆಳತಿ ಜಡೆ ಹಿಡಿದಳು, ಇವಳು ತಳ್ಳಿದಳು. ಹನ್ನೊಂದು ಮೆಟ್ಟಿಲು. ಕೆಳಗೆ ಬಿದ್ದವಳ ಮಂಡಿ ಎರಡು ಕಡೆ ಮುರಿದಿತ್ತು. ಬೀಳುವಾಗಿನ ಕೂಗಿಗಿಂತ, ಬಿದ್ದಮೇಲೆ ಅವಳು ಸುಮ್ಮನಿದ್ದದ್ದು ಕಡ್ಡಿಯ ಕಿವಿಯಲ್ಲಿ ಬಹಳ ವರ್ಷ ಉಳಿಯಿತು.

ತಾನು ತಳ್ಳಲಿಲ್ಲ ಎಂದು ಅವಳು ಯಾವತ್ತೂ ಹೇಳಲಿಲ್ಲ. ಗೆಳತಿಯ ತಂದೆ ದೂರು ಕೊಟ್ಟರು. ಮಕ್ಕಳ ಮಂಡಳಿ ಎಂಬ ಹೆಸರಿನ, ಗೋಡೆಗೆ ತಿಳಿ ಹಳದಿ ಬಣ್ಣ ಹೊಡೆದ ಒಂದು ಕೋಣೆಯಲ್ಲಿ ಪ್ರಕರಣ ನಡೆಯಿತು. ನಾಲ್ಕು ತಿಂಗಳು ಅವಳು ಊರಾಚೆಯ ಹುಡುಗಿಯರ ಗೃಹದಲ್ಲಿದ್ದಳು. ಮಂಡಳಿಗೆ ಕರೆತರುವ ದಿನಗಳಲ್ಲಿ ಒಬ್ಬ ಮಹಿಳಾ ಪೊಲೀಸ್ ಬರುತ್ತಿದ್ದಳು. ಮಕ್ಕಳ ಜೊತೆ ಹೋಗುವಾಗ ಸಮವಸ್ತ್ರ ತೊಡಬಾರದೆಂಬ ನಿಯಮ ಇದ್ದುದರಿಂದ, ಅವಳು ಮಾಸಿದ ಹೂವಿನ ಸೀರೆ ಉಟ್ಟು, ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಬರುತ್ತಿದ್ದಳು. ಬಸ್ಸಿನಲ್ಲಿ ಕಂಡಕ್ಟರ್ "ಯಾರಮ್ಮ ಈ ಹುಡುಗಿ, ಹೀಗೆ ಮುಖ ಊದಿಸ್ಕೊಂಡಿದಾಳೆ?" ಎಂದು ಕೇಳಿದರೆ, "ನಮ್ಮಕ್ಕನ ಮಗಳು. ಪರೀಕ್ಷೆ ಫೇಲು. ನಾನು ಅವಳ ಚಿಕ್ಕಮ್ಮ" ಎನ್ನುತ್ತಿದ್ದಳು. ಒಂದು ದಿನವೂ ಕೈ ಬಿಗಿಯಾಗಿ ಹಿಡಿಯಲಿಲ್ಲ.

"ನಾನು ಓಡಿಹೋದ್ರೆ?" ಎಂದು ಒಮ್ಮೆ ಕಡ್ಡಿ ಕೇಳಿದ್ದಳು.

"ನೀನು ಓಡಿದ್ರೆ ನನ್ನ ಕೈಲಿ ಹಿಡಿಯೋಕಾಗುತ್ತಾ? ನನ್ನ ಮೈ ನೋಡು. ಕೂಗ್ತಾ ಇಲ್ಲೇ ಕೂತ್ಕೋತೀನಿ ಅಷ್ಟೆ. ಜನ ನನಗೇ ನೀರು ತಂದುಕೊಡ್ತಾರೆ."

ಆ ನಾಲ್ಕು ತಿಂಗಳಲ್ಲಿ ಕಡ್ಡಿ ನಕ್ಕದ್ದು ಅದೊಂದೇ ಸಲ. ಮುಂದೆ ತಾನು ಏನಾಗಬೇಕು ಎಂಬುದು ಅಲ್ಲಿಯೇ, ಆ ಬಸ್ಸಿನ ಕಿಟಕಿ ಪಕ್ಕದಲ್ಲೇ ನಿಶ್ಚಯವಾಯಿತು. ಲಾಠಿ ಹಿಡಿಯುವ ಪೊಲೀಸ್ ಅಲ್ಲ, ಟೋಪಿಯ ಪೊಲೀಸ್ ಅಲ್ಲ. ಯಾವುದೋ ಹುಡುಗಿಯ ಪಕ್ಕ ಕೂತು, ಸುಳ್ಳು ಚಿಕ್ಕಮ್ಮನಾಗುವ ಪೊಲೀಸ್.

ಪ್ರಕರಣ ಮುಗಿದು ಅವಳು ಮನೆಗೆ ಬಂದಳು. ಮಂಡಳಿ ಕೊಟ್ಟ ಆದೇಶದ ಪ್ರತಿಯನ್ನು ಅಪ್ಪ ಜೇಬಿನಿಂದ ತೆಗೆದು, ಮಡಿಕೆಯನ್ನೂ ಬಿಚ್ಚದೆ ಒಲೆಗೆ ಹಾಕಿದ. "ಮುಗೀತು" ಎಂದ. ಮನೆಯಲ್ಲಿ ಆ ವಿಷಯ ಮತ್ತೆ ಬರಲಿಲ್ಲ. ಮೆಟ್ಟಿಲು ಎಂಬ ಮಾತು ಬಾಯಿಗೆ ಬಂದರೂ ಅಮ್ಮ ನುಂಗಿಕೊಂಡು "ಹತ್ತೋ ಜಾಗ" ಎನ್ನುತ್ತಿದ್ದಳು.

ಹದಿನೆಂಟು ತುಂಬಿದ ದಿನ ಅಪ್ಪ ಕೆಲಸದಿಂದ ಬೇಗ ಬಂದ. ಕಂಕುಳಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ಓಟದ ಶೂಗಳು. ಅವಳನ್ನು ಹೊಸ್ತಿಲ ಮೇಲೆ ಕೂರಿಸಿ ತಾನೇ ಲೇಸು ಕಟ್ಟಿದ, ಅದೇ ಗಂಟು. "ಇನ್ನು ಓಡು ಮಗಳೇ. ಹಿಂದಿನಿಂದ ಯಾರೂ ಅಟ್ಟಿಸ್ಕೊಂಡು ಬರಲ್ಲ" ಎಂದ. ಅಪ್ಪನಿಗೆ ಅಷ್ಟು ಉದ್ದದ ಮಾತು ಹೊಸದು. ಅವಳು ಅದನ್ನು ಹಾರೈಕೆಯೆಂದುಕೊಂಡಳು.

ಓಡಿದಳು. ಬೆಳಗಿನ ಹೊತ್ತು ಕಾಲುವೆ ದಂಡೆಯ ಮೇಲೆ, ಅಪ್ಪ ಸೈಕಲ್ಲಿನಲ್ಲಿ ಪಕ್ಕದಲ್ಲೇ ಬರುತ್ತ, ಕೈಗಡಿಯಾರ ನೋಡಿ ಸೆಕೆಂಡು ಕೂಗುತ್ತಿದ್ದ. ಹೊಟ್ಟೆಪಾಡಿಗೆ ಒಂದು ದೊಡ್ಡ ಆಸ್ಪತ್ರೆಯ ಗೇಟಿನಲ್ಲಿ, ಬರುವ ಹೆಂಗಸರ ಚೀಲ ನೋಡುವ ಕೆಲಸಕ್ಕೆ ಸೇರಿಕೊಂಡಳು. ಏಜೆನ್ಸಿಯವರು ಕೊಟ್ಟ ನೀಲಿ ಅಂಗಿ, ಭುಜದ ಮೇಲೆ ಒಂದು ಪಟ್ಟಿ. "ಇದೇನು ಪೊಲೀಸಾ?" ಎಂದು ಕೇಳಿದವರಿಗೆ "ಪೊಲೀಸಿನ ದೂರದ ಸಂಬಂಧಿ" ಎನ್ನುತ್ತಿದ್ದಳು. ಮೊದಲ ನೇಮಕಾತಿಯಲ್ಲಿ ಉದ್ದ ಜಿಗಿತದಲ್ಲಿ ನಾಲ್ಕು ಬೆರಳಿನಷ್ಟು ಕಡಿಮೆ ಬಿದ್ದು ಹೊರಬಂದಳು. ನೇಮಕಾತಿ ಕರೆಯುವುದೇ ಮೂರು ನಾಲ್ಕು ವರ್ಷಕ್ಕೊಮ್ಮೆ, ವಯಸ್ಸಿನ ಮಿತಿ ಇಪ್ಪತ್ತೈದು. ಎರಡನೆಯ ಸಲ ಕರೆದಾಗ ಅವಳಿಗೆ ಇಪ್ಪತ್ತೆರಡೂವರೆ. ಇದು ತಪ್ಪಿದರೆ ಇನ್ನಿಲ್ಲ ಎಂಬುದು ಮನೆಯ ಮೂವರಿಗೂ ಗೊತ್ತಿತ್ತು, ಮೂವರೂ ಹೇಳಲಿಲ್ಲ.

ಈ ಸಲ ಬರವಣಿಗೆಯಲ್ಲಿ ಪಾಸು. ಓಟದಲ್ಲಿ ಎರಡನೆಯವಳು. ಜಿಗಿತದಲ್ಲಿ ಮರಳಿನ ಮೇಲೆ ಬಿದ್ದು ಹಿಂದಕ್ಕೆ ತಿರುಗಿ ನೋಡಿದರೆ, ಗೆರೆ ಒಂದು ಮೊಳ ಹಿಂದಿತ್ತು. ಅಪ್ಪ ಅವತ್ತು ಬೀದಿಯ ಮೂರು ಮನೆಗೆ ತಾನಾಗಿಯೇ ಹೋಗಿ ಹೇಳಿ ಬಂದ. ಇನ್ನುಳಿದದ್ದು ವೈದ್ಯಕೀಯ ಪರೀಕ್ಷೆ. ಅದಕ್ಕೂ ಮೊದಲು ಹದಿನೈದು ದಿನದೊಳಗೆ ತುಂಬಿ ಕೊಡಬೇಕಾದ ಎಂಟು ಪುಟದ ಒಂದು ಫಾರಂ.

ಏಳನೇ ಪುಟದಲ್ಲಿ ಆ ಪ್ರಶ್ನೆ ಇತ್ತು. ಯಾವತ್ತಾದರೂ ಯಾವುದಾದರೂ ಪ್ರಕರಣದಲ್ಲಿ ಬಂಧನ, ವಿಚಾರಣೆ ಇತ್ತೇ? ಹೌದಾದರೆ ಆದೇಶದ ಪ್ರತಿ ಲಗತ್ತಿಸಿ. ಅದರ ಕೆಳಗೆ ದಪ್ಪಕ್ಷರದಲ್ಲಿ, ಮರೆಮಾಚಿದ್ದು ಕಂಡುಬಂದರೆ ಯಾವ ಹಂತದಲ್ಲಿಯೂ ವಜಾ.

"ಇಲ್ಲ ಅಂತ ಬರಿ" ಎಂದ ಅಪ್ಪ, ತಟ್ಟೆಯಿಂದ ತಲೆ ಎತ್ತದೆ.

"ಇತ್ತಲ್ಲಪ್ಪ."

"ಇತ್ತು ಅನ್ನೋಕೆ ಕಾಗದ ಬೇಕು. ಕಾಗದ ಎಲ್ಲಿದೆ? ಇಲ್ಲ ಅಂತ ಬರಿ ನೀನು." ಅವನ ದನಿಯಲ್ಲಿ ಅವಳಿಗೆ ತಿಳಿಯದ ಒಂದು ನಿಶ್ಚಿಂತೆ ಇತ್ತು.

ಅವಳು ಬಸ್ಸಿನ ಆ ಸುಳ್ಳು ಚಿಕ್ಕಮ್ಮನನ್ನು ಹುಡುಕಿಕೊಂಡು ಹೋದಳು. ಚಿಕ್ಕಮ್ಮ ಈಗ ಠಾಣೆಯಲ್ಲಿ ಬರಹದ ಮೇಜಿನ ಕೆಲಸದಲ್ಲಿದ್ದಳು, ಕನ್ನಡಕ ಬಂದಿತ್ತು, ಮಂಡಿನೋವಿಗೆ ಕಾಲನ್ನು ಖಾಲಿ ಕುರ್ಚಿಯ ಮೇಲೆ ಚಾಚಿದ್ದಳು. ಫಾರಮ್ಮನ್ನು ದೂರ ಹಿಡಿದು ಓದಿದಳು.

"ಕಾನೂನಿಗೆ ಎರಡು ಬಾಯಿ ನೋಡು. ಒಂದು ಬಾಯಿ, ಚಿಕ್ಕವರಿದ್ದಾಗ ಮಾಡಿದ್ದು ಲೆಕ್ಕಕ್ಕಿಲ್ಲ ಅನ್ನುತ್ತೆ. ಇನ್ನೊಂದು, ಲೆಕ್ಕಕ್ಕಿಲ್ಲದಿದ್ರೂ ಬಚ್ಚಿಡಬೇಡ ಅನ್ನುತ್ತೆ. ಇಲ್ಲ ಅಂತ ಬರೆದ ಇಬ್ಬರನ್ನ ನಾನೇ ನೋಡಿದೀನಿ. ಬೂಟಿನ ಅಳತೆ ಕೊಟ್ಟ ಮೇಲೆ ವಾಪಸ್ ಕಳಿಸಿದ್ರು. ನಮ್ಮ ಠಾಣೆ ಪುಸ್ತಕದಲ್ಲೇ ನಿನ್ನ ಹೆಸರಿದೆ, ಇಂಥ ದಿನ ಕರೆತಂದ್ವಿ ಅಂತ. ಆಮೇಲೆ ಏನಾಯ್ತು ಅಂತ ಇಲ್ಲ. ಅದನ್ನು ಓದಿದವನಿಗೆ ನೀನು ಮಂಡಿ ಮುರಿದವಳು, ಅಷ್ಟೆ."

"ಹಾಗಾದ್ರೆ ಹೌದು ಅಂತ ಬರೆದ್ರೆ ಬೇಡ ಅಂತಾರೆ."

"ಯಾಕೆ ಅಂತಾರೆ? ಆದೇಶದ ಪ್ರತಿ ಜೊತೆಗಿಡು. ನಿನ್ನ ಆದೇಶ ಎಂಥದ್ದು ಅಂತ ನಿನಗೆ ಮರೆತುಹೋಯ್ತಾ?"

ಕಡ್ಡಿಗೆ ಆ ದಿನದ್ದು ಹೆಚ್ಚೇನೂ ನೆನಪಿರಲಿಲ್ಲ. ಹಳದಿ ಗೋಡೆ ನೋಡುತ್ತ ನಿಂತದ್ದು, ಅಷ್ಟೆ. ಚಿಕ್ಕಮ್ಮ ನೆನಪಿಸಿದಳು. ಬಿದ್ದ ಹುಡುಗಿಯನ್ನು ಅವತ್ತು ಗಾಲಿ ಕುರ್ಚಿಯಲ್ಲಿ ತಂದಿದ್ದರು. ಗಂಟಣ್ಣ ಒಳಗೆ ಬಾರದೆ ಹೊರಗಿನ ಬೆಂಚಿನಲ್ಲೇ ಕೂತಿದ್ದ. ಆ ಹುಡುಗಿ ತನ್ನಪ್ಪನ ಮುಂದೆಯೇ ಹೇಳಿದಳು: ನಾನೂ ಅವಳ ಜಡೆ ಎಳೆದಿದ್ದೆ, ನನಗಂತೂ ಇನ್ನು ಓಡೋಕಾಗಲ್ಲ, ಅವಳನ್ನಾದ್ರೂ ಓಡೋಕೆ ಬಿಡಿ. ಅದನ್ನು ಹಾಗೆಯೇ ಬರೆದುಕೊಂಡರು. ಆದೇಶದ ಕೊನೆಯ ಪುಟದಲ್ಲಿ, ಪೀಠದಲ್ಲಿದ್ದ ಮೇಡಂ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು, ಈ ಹುಡುಗಿಯ ಮುಂದಿನ ಓದಿಗಾಗಲಿ ಕೆಲಸಕ್ಕಾಗಲಿ ಈ ಪ್ರಕರಣ ಅಡ್ಡಿಯಾಗತಕ್ಕದ್ದಲ್ಲ, ಎಂದು.

"ಇಪ್ಪತ್ತಾರು ವರ್ಷದ ಸರ್ವಿಸಲ್ಲಿ ಹಾಗೆ ಕೈಯಿಂದ ಬರೆದಿದ್ದು ನಾನು ಅದೊಂದೇ ನೋಡಿದ್ದು" ಎಂದಳು ಚಿಕ್ಕಮ್ಮ. "ಹೋಗು, ಪ್ರತಿ ತಗೊಂಡು ಬಾ. ಏಳು ವರ್ಷ ಆಗೋವರೆಗೂ ಕಡತ ಇರುತ್ತೆ. ಇನ್ನೂ ಎಂಟು ತಿಂಗಳಿದೆ. ನಿಮ್ಮಪ್ಪನೇ ಇದಾನಲ್ಲ ಅಲ್ಲಿ, ಕೋಣೆ ತುಂಬ ಅವನದೇ ಗಂಟು."

ಠಾಣೆಯಿಂದ ಮನೆಗೆ ಅವಳು ನಡೆದೇ ಬಂದಳು. ಆ ಗೆಳತಿ ಈಗ ಬೇರೆ ಊರಿನಲ್ಲಿ ಒಂದು ಬ್ಯಾಂಕಿನಲ್ಲಿದ್ದಾಳೆಂದು ಯಾರೋ ಹೇಳಿದ್ದರು. ಇಷ್ಟು ವರ್ಷ ತಾನು ಓಡಿದ ಪ್ರತಿ ಮೈಲಿಯೂ ಅವಳು ಬಿಟ್ಟುಕೊಟ್ಟದ್ದು ಎಂಬುದು ಅವಳಿಗೆ ಈವತ್ತು ತಿಳಿಯಿತು.

ಅಪ್ಪನಿಗೆ ಅವಳು ಹೇಳಲಿಲ್ಲ. ಆ ಕಾಗದವನ್ನು ಅವನ ಆಫೀಸಿನಲ್ಲೇ ಕೇಳುತ್ತೇನೆಂದರೆ ಅಪ್ಪ ಕುಗ್ಗಿ ಚಿಕ್ಕವನಾಗಿಬಿಡುತ್ತಾನೆ ಎನಿಸಿತು. ಅದನ್ನು ನೋಡಲಾಗದೆ, ಅವನು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ ದಿನ ನೋಡಿಕೊಂಡು ದಾಖಲೆ ಕೋಣೆಗೆ ಹೋದಳು.

ಕಪಾಟುಗಳು ಸೂರಿನವರೆಗೂ ಇದ್ದವು. ಹಳೆ ಕಾಗದದ, ಅಂಟಿನ, ಜಿರಲೆ ಗುಳಿಗೆಯ ವಾಸನೆ. ಮೇಲ್ವಿಚಾರಕಿ ಎಲ್ಲರ ಬಾಯಲ್ಲೂ ದಾಖಲೆ ಮೇಡಂ. ಇನ್ನೇನು ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು, ಚಹಾ ಲೋಟದ ಮೇಲೂ ಪುಸ್ತಕ ಮುಚ್ಚಿಡುವವಳು.

"ಗಂಟಣ್ಣನ ಮಗಳಾ? ಪೊಲೀಸ್ ಆಗೋ ಹುಡುಗಿ! ನಿಮ್ಮಪ್ಪ ನಮಗೆಲ್ಲ ತಲೆ ಚಿಟ್ಟು ಹಿಡಿಸಿದಾನೆ. ನಮ್ಮ ಹುಡುಗಿ ಹಾಗೆ ಜಿಗಿದಳು, ಹೀಗೆ ಜಿಗಿದಳು. ಇವನೇ ಜಿಗಿದ ಹಾಗೆ." ಅರ್ಜಿ ಓದಿದ ಮೇಲೆ ನಗು ಮೆತ್ತಗಾಯಿತು. ಏನೂ ಕೇಳದೆ ದೊಡ್ಡ ಪುಸ್ತಕ ತೆರೆದು ಬೆರಳು ಜಾರಿಸಿದಳು. ಹನ್ನೆರಡನೇ ಕಪಾಟು, ಮೂರನೇ ಅಂತಸ್ತು, ನಲವತ್ತೊಂದನೇ ಕಡತ. "ಇದೆ" ಎಂದಳು.

ಕಟ್ಟು ಇಳಿಸಿದರು. ಬಾಲ ಎಳೆದರೆ ಗಂಟು ಬಿಚ್ಚಿಕೊಂಡಿತು. ಮೂವತ್ತೊಂಬತ್ತು, ನಲವತ್ತು, ನಲವತ್ತೆರಡು. ನಲವತ್ತು ಮತ್ತು ನಲವತ್ತೆರಡರ ನಡುವೆ ಕಡತವಿರಲಿಲ್ಲ. ಅಂಗೈ ಅಗಲದ ಒಂದು ಚೀಟಿ ಇತ್ತು. ಮೇಲೆ ಒಂದು ತಾರೀಖು, ಕೆಳಗೆ ಸಹಿ. ಯಾರಿಗಾಗಿ ತೆಗೆದದ್ದು ಎಂಬ ಸಾಲು ಮಾತ್ರ ಖಾಲಿ.

ಸಹಿ ಅಪ್ಪನದು. ತಾರೀಖು ಅವಳಿಗೆ ಹದಿನೆಂಟು ತುಂಬಿದ ದಿನದ್ದು.

ದಾಖಲೆ ಮೇಡಂ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಆ ತಾರೀಖಿನ ವಾರ ಹಳೆಯ ಪ್ರಕರಣಗಳ ಒಂದು ಲಾರಿ ಕಾಗದ ಗಿರಣಿಗೆ ಹೋಗಿತ್ತು, ಅದು ಪುಸ್ತಕದಲ್ಲೇ ಇತ್ತು. ಆ ರಾಶಿಯಲ್ಲಿ ಒಂದು ತೆಳ್ಳಗಿನ ಕಡತ ಸೇರಿಕೊಂಡರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ.

"ಕಳ್ಳತನ ಮಾಡೋವಾಗ್ಲೂ ಚೀಟಿ ಇಟ್ಟಿದಾನಲ್ಲಮ್ಮ ಇವನು!" ನಗಲು ಹೋದಳು, ಆಗಲಿಲ್ಲ. "ಇಡದೇ ಇದ್ದಿದ್ರೆ ಇಲಿ ತಿಂತು ಅಂತ ನಾನೇ ಬರೀತಿದ್ದೆ. ಗೆದ್ದಲು ತಿಂತು ಅಂತ ಬರೀತಿದ್ದೆ."

"ನಕಲು ಬೇರೆ ಎಲ್ಲಾದ್ರೂ ಸಿಗುತ್ತಾ ಮೇಡಂ?"

"ಮೂಲವೇ ಇಲ್ಲದೆ ನಕಲು ಎಲ್ಲಿಂದ ತರಲಿ? ಆ ಮಂಡಳಿ ಮೇಡಂ ತೀರಿಕೊಂಡು ಮೂರು ವರ್ಷ ಆಯ್ತು." ಅವಳು ಚೀಟಿಯನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಳು. "ಒಂದು ದಾರಿ ಇದೆ. ಕಡತ ಕಾಣೆಯಾಗಿದೆ ಅಂತ ನೀನು ಬರೆದುಕೊಡು. ನಾನು ಮೇಲಕ್ಕೆ ಕಳಿಸ್ತೀನಿ. ಅವರು ಅವತ್ತಿದ್ದವರನ್ನ ಕರೆದು, ಹೇಳಿಕೆ ತಗೊಂಡು, ಹೊಸದಾಗಿ ಕಡತ ಕಟ್ಟಿಸ್ತಾರೆ. ಆದ್ರೆ ಮೊದಲ ಪ್ರಶ್ನೆ, ಕಾಣೆ ಹೇಗಾಯ್ತು ಅನ್ನೋದು. ಅದಕ್ಕೆ ಉತ್ತರ ಇಲ್ಲಿದೆ, ಸಹಿ ಸಮೇತ. ಮಗಳಿಗೋಸ್ಕರ ಸರ್ಕಾರಿ ದಾಖಲೆ ನಾಶ. ನಿವೃತ್ತಿಗೆ ಐದು ತಿಂಗಳಿರೋ ಮನುಷ್ಯನಿಗೆ ನೌಕರಿ ಹೋಗುತ್ತೆ. ಜೈಲೂ ಆಗಬಹುದು."

"ಪ್ರತಿ ಇಲ್ಲದೆ ಬರೀ ಹೌದು ಅಂತ ಬರೆದು ಕೊಟ್ರೆ?"

"ಅವರೇ ಇಲ್ಲಿಗೆ ಪತ್ರ ಬರೀತಾರೆ, ಕಡತ ಕಳಿಸಿ ಅಂತ. ಇಲ್ಲ ಅಂತ ಬರೆದ್ರೂ ಠಾಣೆ ಪುಸ್ತಕದಲ್ಲಿ ನಿನ್ನ ಹೆಸರು ನೋಡಿ ಇಲ್ಲಿಗೇ ಬರೀತಾರೆ. ಬಂದರೆ ನಾನು ಈ ಕಟ್ಟನ್ನ ಬಿಚ್ಚಲೇಬೇಕು." ದಾರವನ್ನು ಬೆರಳಿಗೆ ಸುತ್ತುತ್ತ ಹೇಳಿದಳು, "ಯಾರಿಗೂ ಬೇಡವಾದ ಕಡತವನ್ನ ಯಾರೂ ಹುಡುಕಲ್ಲ ಕಣಮ್ಮ. ಎಂಟು ತಿಂಗಳು ಕಳೆದ್ರೆ ಕಾಯಿದೆ ಪ್ರಕಾರವೇ ನಾಶ ಅಂತ ಬರೆದುಬಿಡಬಹುದು. ಕಾದಿದ್ರೆ ನಾವೇ ಹರೀತಿದ್ವಿ. ಇವನಿಗೇನು ಅವಸರ ಇತ್ತೋ."

ಕಟ್ಟನ್ನು ಮತ್ತೆ ಬಿಗಿಯಬೇಕಾಗಿತ್ತು. ಮೇಡಂ ಎರಡು ಸಲ ಸುತ್ತಿದಳು, ಬರಲಿಲ್ಲ. ಕಡ್ಡಿ ದಾರ ತೆಗೆದುಕೊಂಡು ಅಪ್ಪನ ಗಂಟನ್ನು ಹಾಕಿದಳು. ಅದು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಹೊರಗೆ ಬಂದು ಕಾರಿಡಾರಿನ ಕಲ್ಲು ಬೆಂಚಿನ ಮೇಲೆ ಕೂತಳು. ಅವಳ ಕಣ್ಣ ಮುಂದೆ ಬಂದದ್ದು ಕಡತವಲ್ಲ, ಅಪ್ಪನ ಬೆರಳುಗಳು. ತನ್ನ ಮಗಳ ಹೆಸರಿರುವ ಕಡತವನ್ನು ಹೊರತೆಗೆಯುವಾಗಲೂ ಅವನು ಒಳಗೆ ಇಣುಕಿರಲಾರ. ನಂಬರು ನೋಡಿರುತ್ತಾನೆ, ವರ್ಷ ನೋಡಿರುತ್ತಾನೆ. ಒಂದೇ ಒಂದು ಸಲ, ಒಲೆಯ ಮುಂದೆ ಇಲ್ಲವೇ ಈ ಕೋಣೆಯಲ್ಲಿ, ಕೊನೆಯ ಪುಟ ತಿರುವಿ ನೋಡಿದ್ದರೆ ಆ ಕಡತವನ್ನು ಅವನು ರೇಷ್ಮೆಯಲ್ಲಿ ಸುತ್ತಿಡುತ್ತಿದ್ದ. ಮೂವತ್ತೆರಡು ವರ್ಷದ ನಿಯತ್ತು ಅವನನ್ನು ಓದಲು ಬಿಡಲಿಲ್ಲ. ಅದೇ ನಿಯತ್ತು ಚೀಟಿಯನ್ನೂ ಇಡಿಸಿತು.

ಮನೆಗೆ ಬಂದರೆ ಅಪ್ಪ ಊದಿದ ಕೆನ್ನೆಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಬಾಯಲ್ಲಿ ಹತ್ತಿ.

"ಬಂದಳು ಇನ್ಸ್‌ಪೆಕ್ಟರ್" ಎಂದಳು ಅಮ್ಮ. "ನಿಮ್ಮಪ್ಪನ್ನ ಅರೆಸ್ಟ್ ಮಾಡು. ಬೆಳಗಿನಿಂದ ಒಂದು ಗುಟುಕು ಗಂಜಿ ಕುಡಿದಿಲ್ಲ."

ಅಪ್ಪ ನಗಲು ಹೋಗಿ ನೋವಿನಿಂದ ಮುಖ ಕಿವುಚಿದ. ಕಡ್ಡಿ ಗಂಜಿಯ ಬಟ್ಟಲು ತೆಗೆದುಕೊಂಡು ಅವನ ಪಕ್ಕ ಕೂತು, ಆರಿಸಿ ಆರಿಸಿ ಕುಡಿಸಿದಳು.

ಹನ್ನೊಂದು ದಿನ ಅವಳು ಆ ಫಾರಮ್ಮನ್ನು ಆಸ್ಪತ್ರೆಗೂ ಮನೆಗೂ ಚೀಲದಲ್ಲಿ ಹೊತ್ತು ತಿರುಗಿದಳು. ಒಂದು ದಿನ ಕಾಣೆಯಾದ ಕಡತದ ಅರ್ಜಿಯನ್ನೂ ಬರೆದಳು. ಚೆನ್ನಾಗಿಯೇ ಬಂದಿತ್ತು, ಚೊಕ್ಕ ಅಕ್ಷರ. ಬರೆದು ಮುಗಿಸಿದ ಮೇಲೆ ಅದರಲ್ಲಿ ಅಪ್ಪನ ಹುದ್ದೆ ಮೂರು ಸಲ ಬಂದಿರುವುದನ್ನು ನೋಡಿದಳು. ಗೇಟಿನಲ್ಲಿ ಹೆಂಗಸರ ಚೀಲ ಬಿಚ್ಚುವಾಗ ಕೈ ನಿಧಾನವಾಗುತ್ತಿತ್ತು. ಬಾಚಣಿಗೆ, ಮಾತ್ರೆ ಪಟ್ಟಿ, ಮಗುವಿನ ಒಂಟಿ ಕಾಲುಚೀಲ, ಯಾರದೋ ಹಳೆಯ ಎಕ್ಸ್‌ರೇ. "ಏನಮ್ಮ, ಓದ್ತಾ ಇದೀಯ ಅದನ್ನ?" ಎಂದು ಒಬ್ಬಾಕೆ ರೇಗಿದಳು. ಒಮ್ಮೆ ಅವಳಿಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕಾಲುವೆ ದಂಡೆಯ ಮೇಲೆ ಅವನ ಸೈಕಲ್ಲನ್ನು ಹಿಂದೆ ಹಾಕಿ, ಅವನು ಕೂಗುವ ಸೆಕೆಂಡು ಕೇಳಿಸದಷ್ಟು ದೂರ ಓಡಿದಳು. ತಿರುಗಿ ನೋಡಿದರೆ ಅವನು ಸೈಕಲ್ ನಿಲ್ಲಿಸಿ, ಗಡಿಯಾರ ಎತ್ತಿ ತೋರಿಸುತ್ತ, ಎರಡೂ ಕೈ ಬೀಸುತ್ತಿದ್ದ. ಅದು ಅವಳ ಅತ್ಯಂತ ವೇಗದ ಓಟವಾಗಿತ್ತು.

ಹನ್ನೆರಡನೇ ದಿನ ನೇಮಕಾತಿ ಕಚೇರಿಯ ಕಿಟಕಿಯ ಮುಂದೆ ನಿಂತು ಒಂದು ಹಾಳೆ ಒಳಗೆ ತಳ್ಳಿದಳು. ಗುಮಾಸ್ತ ಓದಿ ಕನ್ನಡಕ ಮೇಲೇರಿಸಿದ.

"ಹಿಂತೆಗೆದುಕೊಳ್ಳುತ್ತೇನೆ ಅಂದ್ರೆ ಏನಮ್ಮ? ಓಟದಲ್ಲಿ ಎರಡನೆಯವಳು ನೀನೇ ಅಲ್ವಾ? ಮದುವೆನಾ?"

"ಅಲ್ಲ."

"ಗಂಡನ ಕಡೆಯವರು ಬೇಡ ಅಂದ್ರಾ?"

"ಗಂಡನೇ ಇಲ್ಲ ಸಾರ್, ಅವನ ಕಡೆಯವರು ಎಲ್ಲಿಂದ ಬರ್ತಾರೆ?"

"ಕಾರಣ ಬರೀಬೇಕಮ್ಮ. ಖಾಲಿ ಬಿಡೋ ಹಾಗಿಲ್ಲ."

ಅವಳು ಹಾಳೆ ವಾಪಸ್ ತೆಗೆದುಕೊಂಡು 'ಮನೆಯ ಕಾರಣ' ಎಂದು ಬರೆದಳು. ಅವನು ಮುದ್ರೆ ಒತ್ತಿದ. ಹಿಂದಿದ್ದವಳು "ಸ್ವಲ್ಪ ಸರೀರಿ" ಎಂದಳು. ಸರಿದಳು.

ಅಪ್ಪನಿಗೆ ಏನು ಹೇಳುವುದೆಂದು ಬಸ್ಸಿನಲ್ಲಿ ಯೋಚಿಸಿದ್ದಳು. ಎತ್ತರವನ್ನು ಅವನೇ ಟೇಪು ಹಿಡಿದು ಅಳೆದಿದ್ದ, ತೂಕವನ್ನೂ ಅವನೇ ಮಾಪಕದಲ್ಲಿ ನೋಡಿದ್ದ. ದೃಷ್ಟಿ ಕಡಿಮೆ ಎಂದರೂ ನಂಬುವುದಿಲ್ಲ; ದೂರದ ಬಸ್ಸಿನ ಬೋರ್ಡನ್ನು ಓದಿ ಹೇಳುತ್ತಿದ್ದವಳೇ ಅವಳು. ಅವನ ಟೇಪಿಗೆ ಸಿಗದ್ದು ಒಂದೇ ಉಳಿದಿತ್ತು.

"ಮೆಡಿಕಲ್‌ಗೆ ಮೊದಲೇ ಕರೆದಿದ್ರು" ಎಂದಳು. "ಕಣ್ಣು ಫೇಲು. ನನಗೆ ಬಣ್ಣ ಸರಿಯಾಗಿ ತಿಳಿಯಲ್ಲವಂತೆ. ಕೆಂಪು, ಹಸಿರು."

ಅಮ್ಮನ ಸೂಜಿ ನಿಂತಿತು. "ಅದು ಹೇಗೆ? ಚಿಕ್ಕಂದಿನಿಂದ ನನಗೆ ಗುಂಡಿ ಆರಿಸಿಕೊಟ್ಟವಳು!"

"ಸ್ವಲ್ಪ ಸ್ವಲ್ಪವೇ ಹೋಗಿರುತ್ತಂತೆ. ಗೊತ್ತಾಗಲ್ಲವಂತೆ."

ಅಪ್ಪ ಎದ್ದು ಹೋಗಿ ಅವಳ ಶೂಗಳನ್ನು ಬಾಗಿಲ ಹಿಂದೆ ಸರಿಯಾಗಿ ಜೋಡಿಸಿಟ್ಟ. ವಾಪಸ್ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಕಣ್ಣು ದೇವರು ಕೊಟ್ಟಿದ್ದು, ಯಾರೇನು ಮಾಡೋಕಾಗುತ್ತೆ" ಎಂದ. "ಆದರೆ ಒಂದು ಮಾತು ಹೇಳ್ತೀನಿ. ನಿಮ್ಮಮ್ಮನಿಗೂ ಹೇಳಿಲ್ಲ. ನಿನ್ನ ಹಳೇ ವಿಷಯಕ್ಕೆ ಬೇಡ ಅಂದ್ರು ಅಂತ ಮಾತ್ರ ಯಾವತ್ತೂ ಅಂದ್ಕೋಬೇಡ. ಅದಿಲ್ಲ. ನಿನಗೆ ಹದಿನೆಂಟು ತುಂಬಿದ ದಿನ, ನಾನೇ ನನ್ನ ಕೈಯಾರೆ ತೆಗೆದುಹಾಕಿದೀನಿ. ಗಿರಣಿಗೆ ಹೋಗಿ ಮಣ್ಣಾಯ್ತು. ನಿನ್ನ ಮೇಲೆ ಬೆರಳು ತೋರಿಸೋ ಒಂದೇ ಒಂದು ಅಕ್ಷರ ಈ ಭೂಮಿ ಮೇಲೆ ಇಲ್ಲ." ಕಿತ್ತ ಹಲ್ಲಿನ ಸಂದಿಯಲ್ಲಿ ಅವನ ಮಾತು ಸ್ವಲ್ಪ ಸೋರುತ್ತಿತ್ತು. "ಓದಲಿಲ್ಲ ಕಣೆ. ನಿನ್ನಾಣೆ, ಒಂದಕ್ಷರ ಓದಲಿಲ್ಲ."

"ಒಳ್ಳೇದು ಮಾಡಿದೆ ಬಿಡಪ್ಪ" ಎಂದಳು ಕಡ್ಡಿ.

ಅವನ ಮುಖ ಅರಳಿತು. ಬಹಳ ವರ್ಷದ ಭಾರ ಇಳಿಸಿದವನ ಹಾಗೆ ಉಸಿರು ಬಿಟ್ಟ.

ಐದು ತಿಂಗಳಿಗೆ ಅವನು ನಿವೃತ್ತನಾದ. ಆಫೀಸಿನವರು ಒಂದು ಗೋಡೆ ಗಡಿಯಾರ ಕೊಟ್ಟರು. ದಾಖಲೆ ಮೇಡಂ ಮನೆಗೇ ಬಂದು, ಕಡ್ಡಿಯ ಮುಖವನ್ನು ಒಮ್ಮೆ ನೋಡಿ, ಚಹಾ ಕುಡಿಯದೆ ಹೋದಳು. ಮುಂದೆ ಮೂರು ತಿಂಗಳಿಗೆ ಪುಸ್ತಕದಲ್ಲಿ ನಲವತ್ತೊಂದರ ಮುಂದೆ, ನಿಯಮದಂತೆ ನಾಶಪಡಿಸಲಾಗಿದೆ ಎಂದು ಬರೆದಿರಬೇಕು. ಕಡ್ಡಿ ಹೋಗಿ ನೋಡಲಿಲ್ಲ. ಆಸ್ಪತ್ರೆ ಗೇಟಿನ ನೀಲಿ ಅಂಗಿ ಮೊಣಕೈ ಹತ್ತಿರ ಬಿಳಿಚಿತು. ಹೊಸದು ಕೇಳಿದರೆ ಏಜೆನ್ಸಿಯವರು ಮುಂದಿನ ವರ್ಷ ಎಂದರು. ಕಾಲುವೆ ದಂಡೆಗೆ ಹೋಗುವುದನ್ನು ಅವಳು ಯಾವಾಗ ಬಿಟ್ಟಳು ಎಂದು ಯಾರೂ ಕೇಳಲಿಲ್ಲ.

ಅಪ್ಪನಿಗೆ ಈಗ ಹೊತ್ತು ಹೋಗುತ್ತಿರಲಿಲ್ಲ. ಮುಂದಿನ ನೇಮಕಾತಿಗೆ ವಯಸ್ಸಿನ ಮಿತಿ ಸಡಿಲಿಸುತ್ತಾರಂತೆ ಎಂದು ಎಲ್ಲಿಂದಲೋ ಕೇಳಿಕೊಂಡು ಬಂದ. ಅಭ್ಯಾಸ ಮಾಡಿದರೆ ಕಣ್ಣಿಗೂ ಬಣ್ಣ ಹಿಡಿಯುತ್ತದೆಂದು ಅಲ್ಲೇ ಇನ್ನೊಬ್ಬರು ಹೇಳಿದರಂತೆ. ಸಂಜೆ ಅವಳು ಕೆಲಸದಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಅವನು ಅಮ್ಮನ ಗುಂಡಿ ಡಬ್ಬಿ ಮುಂದಿಟ್ಟುಕೊಂಡು ಕೂತಿರುತ್ತಿದ್ದ. ಅದೇ ಹಳೆಯ ಕೈಗಡಿಯಾರ ಪಕ್ಕದಲ್ಲಿ. ಅಮ್ಮ ಮಾತ್ರ ಈಚೆಗೆ ಬಣ್ಣದ ವಿಷಯಕ್ಕೆ ಏನೂ ಅನ್ನುತ್ತಿರಲಿಲ್ಲ. ದಾರ ಕಚ್ಚಿ ತುಂಡರಿಸುತ್ತ, ಮಗಳ ಕಡೆ ಒಂದು ಸಲ ನೋಡಿ, ಮತ್ತೆ ಹೊಲಿಗೆಗೆ ಬಗ್ಗುತ್ತಿದ್ದಳು.

"ಅವಸರ ಇಲ್ಲ, ನೋಡಿ ಹೇಳು" ಎಂದು ಅಪ್ಪ ಒಂದು ಗುಂಡಿಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಕಾರವಾದ, ಕಣ್ಣು ಕುಕ್ಕುವ ಕೆಂಪು. "ಇದು ಯಾವುದು?"

ಅವಳು ಕಣ್ಣು ಕಿರಿದು ಮಾಡಿ, ನಿಜವಾಗಿಯೂ ಹುಡುಕುವವಳ ಹಾಗೆ ತುಸು ಮುಂದೆ ಬಾಗುತ್ತಿದ್ದಳು.

"ಹಸಿರು" ಎನ್ನುತ್ತಿದ್ದಳು.

"ಪರವಾಗಿಲ್ಲ ಮಗಳೇ" ಎಂದು ಅಪ್ಪ ಅದನ್ನು ಪಕ್ಕಕ್ಕಿಟ್ಟು, ಇನ್ನೊಂದು ಎತ್ತಿಕೊಳ್ಳುತ್ತಿದ್ದ.